ನೆಲದಡಿ ಇಂಗಾಲ ತುಂಬುವ ಬಾವಿ: ಪರವಾನಗಿ ಕೊಡುವವರು ಯಾರು, ಆಮೇಲೆ ಕಾಯುವವರು ಯಾರು?

ಕೋರ್ಟ್ ಸರ್ಕಲ್ ವಕೀಲ, ಧಾರವಾಡ

ಕಾರ್ಖಾನೆಯ ಚಿಮಣಿಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡದೆ ಹಿಡಿದು, ಒತ್ತಡದಲ್ಲಿ ದಟ್ಟವಾಗಿಸಿ, ನೆಲದಡಿ ಒಂದೆರಡು ಕಿಲೋಮೀಟರ್ ಆಳದ ಬಂಡೆಗಳಲ್ಲಿ ತುಂಬಿಡುವುದರ ಬಗ್ಗೆ ನೀತಿ ಆಯೋಗವು 2022ರ ನವೆಂಬರ್‌ನಲ್ಲಿ ಒಂದು ವರದಿ ಹೊರತಂದಿತು. ತಂತ್ರಜ್ಞಾನದ ಮಾತು, ಹಣಕಾಸಿನ ಮಾತು ಎರಡೂ ಈಗ ನಮ್ಮ ದೇಶದಲ್ಲಿ ಧಾರಾಳವಾಗಿ ನಡೆದಿವೆ. ಆದರೆ ಅಂಥ ಬಾವಿಗೆ ಪರವಾನಗಿ ಕೊಡುವವರು ಯಾರು, ಅದನ್ನು ತಪಾಸಣೆ ಮಾಡುವವರು ಯಾರು, ಕಂಪನಿ ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊಣೆ ಯಾರ ತಲೆಗೆ ಬರುತ್ತದೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಹೇಳುವ ಕಾನೂನು ನಮ್ಮಲ್ಲಿಲ್ಲ. ಆದ್ದರಿಂದ ಬೇರೆಯವರು ಏನು ಮಾಡಿದ್ದಾರೆ ಎಂಬುದನ್ನು ನೋಡಿಕೊಂಡು ನಮ್ಮ ಮಾತು ಶುರು ಮಾಡುವುದು ಒಳ್ಳೆಯದು.

ಅಮೆರಿಕದಲ್ಲಿ ಇದರ ಬೇರು ಇರುವುದು 1974ರ ಕುಡಿಯುವ ನೀರಿನ ಸುರಕ್ಷತಾ ಕಾನೂನಿನಲ್ಲಿ. ನೆಲದೊಳಗೆ ಏನನ್ನೇ ಇಳಿಸಿದರೂ ಅದು ಕುಡಿಯುವ ನೀರಿನ ಸೆಲೆಗೆ ತಾಗಬಾರದು ಎಂಬುದು ಅದರ ಆಶಯ. ಇಂಥ ಬಾವಿಗಳನ್ನು ಅಲ್ಲಿ ವರ್ಗ ಮಾಡಿದ್ದಾರೆ. ಎಣ್ಣೆ ಮತ್ತು ಅನಿಲ ಉದ್ಯಮದ ಬಾವಿಗಳು ಎರಡನೆಯ ವರ್ಗ, ಇಂಗಾಲವನ್ನು ಶಾಶ್ವತವಾಗಿ ಹೂಳುವ ಬಾವಿಗಳು ಆರನೆಯ ವರ್ಗ. ಆರನೆಯ ವರ್ಗದ ನಿಯಮಗಳು ಬಂದದ್ದು 2010ರ ಕೊನೆಗೆ. ಪರವಾನಗಿ ಕೊಡುವ ಅಧಿಕಾರ ಮೂಲತಃ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯದು. ಆದರೆ ಯಾವುದೇ ರಾಜ್ಯ ತನ್ನ ನಿಯಮಗಳು ಕೇಂದ್ರದ ನಿಯಮಗಳಿಗಿಂತ ಸಡಿಲವಾಗಿಲ್ಲ, ತನ್ನ ಬಳಿ ಅಧಿಕಾರವೂ ಸಿಬ್ಬಂದಿಯೂ ಇದ್ದಾರೆ ಎಂದು ತೋರಿಸಿಕೊಟ್ಟರೆ ಆ ಅಧಿಕಾರವನ್ನು ಕೇಳಿ ಪಡೆಯಬಹುದು. ಉತ್ತರ ಡಕೋಟ 2018ರಲ್ಲಿ, ವಯೋಮಿಂಗ್ 2020ರಲ್ಲಿ, ಲೂಸಿಯಾನ 2023ರ ಕೊನೆಯಲ್ಲಿ, ಪಶ್ಚಿಮ ವರ್ಜೀನಿಯ 2025ರಲ್ಲಿ ಹೀಗೆ ಪಡೆದವು.

ಇವುಗಳಲ್ಲಿ ಲೂಸಿಯಾನದ ಪ್ರಸಂಗ ನನಗೆ ಹೆಚ್ಚು ಪಾಠದ್ದೆನಿಸುತ್ತದೆ. ಕೇಂದ್ರದವರು ಪರವಾನಗಿಗೆ ವರ್ಷಗಟ್ಟಲೆ ಹಿಡಿಯುತ್ತಾರೆ, ನಮ್ಮ ನೆಲದ ಗುಣ ನಮಗೇ ಗೊತ್ತು ಎಂಬ ವಾದದ ಮೇಲೆ ಆ ರಾಜ್ಯ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಅರ್ಜಿಗಳು ರಾಶಿ ಬಿದ್ದವು, ಹಳ್ಳಿಗಳಿಂದ ವಿರೋಧ ಎದ್ದಿತು, ಎರಡು ವರ್ಷ ತುಂಬುವುದರೊಳಗೆ, 2025ರ ಅಕ್ಟೋಬರ್‌ನಲ್ಲಿ, ಅದೇ ರಾಜ್ಯದ ಗವರ್ನರ್ ಹೊಸ ಅರ್ಜಿಗಳನ್ನು ತೆಗೆದುಕೊಳ್ಳದಂತೆ ತಡೆ ಹಾಕಬೇಕಾಯಿತು. ಜನರ ಮಾತು ಅರ್ಜಿಯ ಮೊದಲು ಕೇಳಬೇಕಾದದ್ದು ಅರ್ಜಿಯ ನಂತರ ಕೇಳಿಸಿತು.

ರಾಜ್ಯಕ್ಕೆ ಅಧಿಕಾರ ಇರಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಬಂಡವಾಳವನ್ನು ಕರೆತರುವ ಕೈಯೂ ತಪಾಸಣೆಯ ಕೈಯೂ ಒಂದೇ ಆದಾಗ ಏನಾಗುತ್ತದೆ ಎಂಬುದನ್ನು ನಾವು ಬೇರೆ ಬೇರೆ ವಿಷಯಗಳಲ್ಲಿ ಕಂಡವರು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು ರಾಜ್ಯಪಟ್ಟಿಯ 17ನೆಯದು, ಭೂಮಿ 18ನೆಯದು. ಎಣ್ಣೆಕ್ಷೇತ್ರಗಳು ಕೇಂದ್ರಪಟ್ಟಿಯ 53ನೆಯದು. ಗಣಿಗಳು 54ರಲ್ಲಿ ಕೇಂದ್ರಕ್ಕೂ 23ರಲ್ಲಿ ರಾಜ್ಯಕ್ಕೂ ಹಂಚಿಹೋಗಿವೆ. ಬಂಡೆಯೊಳಗೆ ಅನಿಲ ತುಂಬುವುದು ಇವುಗಳಲ್ಲಿ ಯಾವುದು? ತಿಳಿದವರು ಹೇಳಬೇಕು.

ವಿದ್ಯಾಗಿರಿ ವಿದ್ಯಾರ್ಥಿನಿ

ವಕೀಲ ಸಾಹೇಬರೇ, ನನ್ನದು ಪ್ರಾಥಮಿಕ ಪ್ರಶ್ನೆ. ಬಾಟಲಿಯ ಸೋಡಾದಲ್ಲಿರುವ ಅನಿಲವೇ ಇದಾದರೆ ಮುಚ್ಚಳ ತೆಗೆದ ಕೂಡಲೇ ಮೇಲೆ ಬರುವುದಿಲ್ಲವೇ? ನೆಲದೊಳಗೆ ಅದನ್ನು ಹಿಡಿದಿಡುವುದು ಏನು? ಮತ್ತು ನಮ್ಮ ಧಾರವಾಡದ ಕೆಳಗೆ ಅಂಥ ಜಾಗ ಇದೆಯೇ?

ಕಲ್ಲುಮಣ್ಣಿನ ಮಾಸ್ತರ, ಧಾರವಾಡ

ಪ್ರಶ್ನೆ ಪ್ರಾಥಮಿಕವಲ್ಲವಮ್ಮ, ಎಲ್ಲ ನಿಯಮಗಳೂ ನಿಂತಿರುವುದು ಅದರ ಮೇಲೆಯೇ. ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ, ಸುಮಾರು 74 ಬಾರ್ ಒತ್ತಡ ಮೀರಿದಾಗ, ಅತ್ತ ಅನಿಲವೂ ಅಲ್ಲದ ಇತ್ತ ದ್ರವವೂ ಅಲ್ಲದ ಒಂದು ಸ್ಥಿತಿಗೆ ಹೋಗುತ್ತದೆ. ದ್ರವದಷ್ಟು ದಟ್ಟವಾಗುವುದರಿಂದ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ನೆಲದಡಿ ಸುಮಾರು 800 ಮೀಟರ್ ದಾಟಿದರೆ ಆ ಉಷ್ಣತೆಯೂ ಒತ್ತಡವೂ ತಾವಾಗಿಯೇ ಸಿಗುತ್ತವೆ. ಹಾಗಾಗಿ ಮೂರು ವಿಷಯ ಬೇಕು: ಅಷ್ಟು ಆಳ, ಆ ಆಳದಲ್ಲಿ ಸಂದುಗಳಿರುವ ಮರಳುಗಲ್ಲಿನಂಥ ಪದರ, ಅದರ ಮೇಲೆ ಏನನ್ನೂ ಬಿಡದ ಜೇಡಿಪದರದ ಮುಚ್ಚಳ. ನಾರ್ವೆಯವರು ಉತ್ತರ ಸಮುದ್ರದ ಸ್ಲೈಪ್ನರ್‌ನಲ್ಲಿ 1996ರಿಂದ ಹೀಗೆ ತುಂಬುತ್ತಾ ಬಂದಿದ್ದಾರೆ, ಮೊದಲ ಹಲವು ವರ್ಷ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸಿನಲ್ಲಿ. ಅಲ್ಲಿಯ ಸರಕಾರ 1991ರಲ್ಲಿ ಇಂಗಾಲದ ಮೇಲೆ ತೆರಿಗೆ ಹಾಕಿದ್ದರಿಂದ, ಗಾಳಿಗೆ ಬಿಟ್ಟು ತೆರಿಗೆ ಕಟ್ಟುವುದಕ್ಕಿಂತ ಹೂಳುವುದೇ ಅಗ್ಗವಾಯಿತು.

ಇನ್ನು ನಮ್ಮ ಊರಿನ ಮಾತು. ಧಾರವಾಡದ ಹೆಸರನ್ನೇ ಹೊತ್ತಿರುವ ಶಿಲಾಸಮೂಹ ನಮ್ಮ ಕಾಲ ಕೆಳಗಿದೆ. 250 ಕೋಟಿ ವರ್ಷಗಳಿಗಿಂತ ಹಳೆಯದು. ಗದಗಿನ ಕಡೆ ಅದರಲ್ಲಿಯೇ ಚಿನ್ನದ ಎಳೆಗಳಿವೆ. ಕಾದು, ಒತ್ತಿ, ಮಡಚಿಹೋದ ಈ ಕಲ್ಲಿನಲ್ಲಿ ಸಂದು ಎಂಬುದೇ ಉಳಿದಿಲ್ಲ. ನಮ್ಮ ಬೋರ್‌ವೆಲ್‌ಗೆ ಬರುವ ನೀರು ಕಲ್ಲಿನದಲ್ಲ, ಕಲ್ಲಿನ ಬಿರುಕಿನದು. ಅದಕ್ಕೇ ಒಬ್ಬರ ಹೊಲದಲ್ಲಿ ಎರಡಿಂಚು ನೀರು ಬಿದ್ದರೆ ಬದುವಿನ ಆಚೆ ಬರೀ ಧೂಳು ಹಾರುತ್ತದೆ. ಇಂಥ ಕಡೆ ಅನಿಲ ತುಂಬಲು ಹೋದರೆ ಅದು ಯಾವ ಬಿರುಕು ಹಿಡಿದು ಎತ್ತ ಹೋಯಿತೆಂದು ಹೇಳಲಾಗದು. ಬಾದಾಮಿಯ ಮರಳುಗಲ್ಲು ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಮುಚ್ಚಳವಿಲ್ಲದೆ ಬಯಲಿಗೆ ಬಿದ್ದಿರುವ ಕಲ್ಲು. ಹಾಗಾಗಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಅಡಿಯಲ್ಲಿ ತುಂಬುವ ಮಾತು ಈ ಜನ್ಮದಲ್ಲಿ ಬರಲಾರದು. ನಮ್ಮ ಮೂಲಕ ಕೊಳವೆ ಹಾಯಿಸುವ ಮಾತು ಬರಬಹುದು. ಬೆಳಗಾವಿಯಿಂದ ಮೇಲಕ್ಕೆ ಶುರುವಾಗುವ ದಖ್ಖನ್‌ನ ಕಪ್ಪುಕಲ್ಲಿನ (ಬಸಾಲ್ಟ್) ಪದರಗಳಲ್ಲಿ ತುಂಬುವ ಮಾತು ಆಗಲೇ ಬಂದಿದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಹಾವೇರಿ ಡಿಸ್ಟಿಲರಿ ಎಂಜಿನಿಯರ್

ಕೊಳವೆಯ ಮಾತು ಬಂದದ್ದರಿಂದ ನನ್ನ ಅನುಭವದ ಕಡೆಯಿಂದ ಒಂದಿಷ್ಟು. ನಾನು ಧಾನ್ಯದಿಂದ ಎಥನಾಲ್ ತಯಾರಿಸುವ ಕಾರ್ಖಾನೆಯಲ್ಲಿದ್ದೇನೆ. ಗೋವಿನಜೋಳದ ಹಿಟ್ಟು ಹುದುಗುವಾಗ ಹುಟ್ಟುವ ಎಥನಾಲಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ತೂಕದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೆಕ್ಕ ಹಾಕಿದರೆ ಲೀಟರಿಗೆ ಮುಕ್ಕಾಲು ಕಿಲೋ. ಉಷ್ಣ ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಈ ಅನಿಲ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಇದ್ದು, ಅದನ್ನು ಸಾರಜನಕದಿಂದ ಬಿಡಿಸುವುದೇ ದೊಡ್ಡ ಖರ್ಚು. ನಮ್ಮ ಹುದುಗುತೊಟ್ಟಿಯ ಮೇಲೆ ಬರುವುದು ಹೆಚ್ಚುಕಡಿಮೆ ಶುದ್ಧ ಅನಿಲ. ಅಮೆರಿಕದ ಮೊದಮೊದಲ ದೊಡ್ಡ ಹೂಳುವಿಕೆಗಳಲ್ಲೊಂದು ಇಲಿನಾಯ್‌ನ ಡೆಕಾಟುರ್‌ನಲ್ಲಿ ಗೋವಿನಜೋಳದ ಎಥನಾಲ್ ಕಾರ್ಖಾನೆಯ ಪಕ್ಕದಲ್ಲಿಯೇ ಆಗಿದ್ದು ಈ ಕಾರಣಕ್ಕೆ. 2011ರಿಂದ 2014ರವರೆಗೆ ಸುಮಾರು ಹತ್ತು ಲಕ್ಷ ಟನ್ನನ್ನು ಎರಡು ಕಿಲೋಮೀಟರ್ ಆಳದ ಮರಳುಗಲ್ಲಿಗೆ ಇಳಿಸಿದರು. ಹಾವೇರಿಯ ಬೆಳೆಗೂ ಅಲ್ಲಿಯ ಬೆಳೆಗೂ ಇರುವ ಈ ನಂಟನ್ನು ಯೋಜನೆ ಮಾಡುವವರು ಇಂದಲ್ಲ ನಾಳೆ ಗುರುತಿಸುತ್ತಾರೆ.

ಅಪಾಯದ ಮಾತನ್ನು ಮುಚ್ಚಿಡುವುದಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಣ್ಣವಿಲ್ಲ, ತಗ್ಗಿನಲ್ಲಿ ಮಡುಗಟ್ಟುತ್ತದೆ. ನಮ್ಮ ಹಿರಿಯರು ನೆಲದೊಳಗೆ ಜೋಳ ತುಂಬಿಡುವ ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಬಾಯಿ ತೆರೆದು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಜೋಳ ಉಸಿರಾಡಿ ಬಿಟ್ಟ ಅನಿಲವೂ ಇದೇ. ನಮ್ಮ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯಲು ಇಳಿಯುವವನ ಎದೆಗೆ ಕಂದೀಲಿನ ಬದಲು ಅನಿಲಮಾಪಕ ಕಟ್ಟುತ್ತೇವೆ, ಅಷ್ಟೇ ವ್ಯತ್ಯಾಸ. 2020ರ ಫೆಬ್ರುವರಿ 22ರಂದು ಅಮೆರಿಕದ ಮಿಸಿಸಿಪ್ಪಿಯ ಸಟಾರ್ಷಿಯ ಎಂಬ ಹಳ್ಳಿಯ ಬಳಿ ಇಂಗಾಲದ ಡೈಆಕ್ಸೈಡಿನ ಕೊಳವೆ ಒಡೆಯಿತು. ಜೋರು ಮಳೆಗೆ ಗುಡ್ಡದ ಮಣ್ಣು ಜಾರಿ ಕೊಳವೆಯ ಬೆಸುಗೆ ಕಿತ್ತಿತ್ತು. ತಗ್ಗಿನಲ್ಲಿದ್ದ ಊರಿನ ಮೇಲೆ ಮೋಡದಂತೆ ಅನಿಲ ಇಳಿಯಿತು, ಕಾರುಗಳ ಎಂಜಿನ್‌ಗಳು ಉಸಿರಿಲ್ಲದೆ ನಿಂತವು, ಸುಮಾರು 200 ಜನ ಊರು ಬಿಡಬೇಕಾಯಿತು, 45 ಜನ ಆಸ್ಪತ್ರೆ ಸೇರಿದರು. ಯಾರೂ ಸಾಯಲಿಲ್ಲ.

ಎರೆಹೊಲ, ಅಣ್ಣಿಗೇರಿ

ಎಂಜಿನಿಯರ್ ಸಾಹೇಬರು ಮಳೆಗೆ ಮಣ್ಣು ಜಾರಿತು ಎಂದಿರಿ. ನಮ್ಮ ಎರೆಭೂಮಿಯನ್ನು ಬೇಸಿಗೆಯಲ್ಲಿ ಬಂದು ನೋಡಬೇಕು. ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ಮುಂಗಾರು ಬಿದ್ದ ಮೇಲೆ ಉಬ್ಬಿ ಕೂಡಿಕೊಳ್ಳುತ್ತದೆ; ಮನೆಯ ಪಾಯವನ್ನೇ ಎತ್ತಿ ಒಗೆಯುವ ಮಣ್ಣು ಅದು. ಕೊಳವೆ ಹಾಕುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನ ಹೊಲದ ಮೂಲೆಯಲ್ಲಿ ಆಗಲೇ ಒಂದು ಇಂಧನದ ಕೊಳವೆ ಹಾದುಹೋಗಿದೆ. ಯಾರದೆಂದು ಹೇಳುವುದು ಬೇಡ. ಬದುವಿನಲ್ಲಿ ನಂಬರ್ ಬರೆದ ಕಂಬ ನೆಟ್ಟಿದ್ದಾರೆ, ಆಗಾಗ ಒಬ್ಬ ಹುಡುಗ ಕೋಲು ಹಿಡಿದು ಆ ಪಟ್ಟಿಯುದ್ದಕ್ಕೂ ನಡೆದು ಹೋಗುತ್ತಾನೆ. ಆ ಪಟ್ಟಿಯ ಮೇಲೆ ಕಡಲೆ ಬಿತ್ತಬಹುದು, ಗಿಡ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಗೂಡು ಕಟ್ಟುವಂತಿಲ್ಲ. ಭೂಮಿ ನನ್ನ ಹೆಸರಿನಲ್ಲಿಯೇ ಇದೆ ಎಂದು ಕಾಗದ ಹೇಳುತ್ತದೆ. ಅದರ ಮೇಲೆ ಕೊಟ್ಟ ದುಡ್ಡು ಭೂಮಿಯ ಬೆಲೆಯ ಹತ್ತನೆಯ ಒಂದು ಪಾಲು. ಇಂಗಾಲದ ಕೊಳವೆಗೂ ಇದೇ ಕಾನೂನು ಹಚ್ಚುತ್ತಾರೆಯೇ? ಮತ್ತೆ ಬೆಳಗಾವಿ ಕಡೆಯ ರೈತನ ಹೊಲದ ಒಂದು ಕಿಲೋಮೀಟರ್ ಕೆಳಗೆ ಯಾರೋ ಅನಿಲ ತುಂಬಿದರೆ ಆ ಜಾಗ ಯಾರದು?

ಕೋರ್ಟ್ ಸರ್ಕಲ್ ವಕೀಲ, ಧಾರವಾಡ

ಅಣ್ಣಾವರೇ, ನೀವು ಹೇಳಿದ ಹತ್ತನೆಯ ಒಂದು ಪಾಲು ಇರುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾನೂನಿನಲ್ಲಿ. ಅದು ಭೂಮಿಯನ್ನು ತೆಗೆದುಕೊಳ್ಳುವುದಿಲ್ಲ, ಭೂಮಿಯ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕಾರ್ಖಾನೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡ್ ಪೆಟ್ರೋಲಿಯಮ್ಮೂ ಅಲ್ಲ, ಗಣಿಯಿಂದ ಬಂದ ಖನಿಜವೂ ಅಲ್ಲ. ಈಗಿರುವ ಮಾತುಗಳನ್ನು ಎಳೆದು ಹಿಗ್ಗಿಸಿ ಅದಕ್ಕೆ ಹಚ್ಚಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ ಎಂದು ನನ್ನ ಅಭಿಪ್ರಾಯ. ಹೊಸ ಕಾನೂನು ಮಾಡಿಯೇ ತರಬೇಕು, ಮಾಡುವಾಗ ಹತ್ತನೆಯ ಪಾಲಿನ ಲೆಕ್ಕವನ್ನು ಅಲ್ಲಿಂದ ನಕಲು ಮಾಡಬಾರದು. ಅಮೆರಿಕದಲ್ಲಿ ಕೊಳವೆಯ ಸುರಕ್ಷತೆ ಕೇಂದ್ರದ ಕೈಯಲ್ಲಿದ್ದರೂ, ಕೊಳವೆ ಎಲ್ಲಿ ಹಾಯಬೇಕು ಎಂಬುದು ರಾಜ್ಯಗಳ ಕೈಯಲ್ಲಿದೆ. ದಕ್ಷಿಣ ಡಕೋಟದ ರೈತರು ಹಟ ಹಿಡಿದು, 2025ರಲ್ಲಿ, ಇಂಗಾಲದ ಕೊಳವೆಗಾಗಿ ಒಪ್ಪಿಗೆಯಿಲ್ಲದೆ ಭೂಮಿ ತೆಗೆದುಕೊಳ್ಳುವಂತಿಲ್ಲ ಎಂಬ ಕಾನೂನನ್ನೇ ಮಾಡಿಸಿಕೊಂಡರು.

ಹೊಲದ ಕೆಳಗಿನ ಜಾಗದ ಪ್ರಶ್ನೆ ಇನ್ನೂ ಕಠಿಣ. ನಮ್ಮ 1964ರ ಕರ್ನಾಟಕ ಭೂಕಂದಾಯ ಕಾನೂನಿನ 70ನೆಯ ಕಲಮು ಗಣಿ ಮತ್ತು ಖನಿಜಗಳ ಹಕ್ಕನ್ನು ಸರಕಾರಕ್ಕೆ ಕೊಡುತ್ತದೆ. ಆದರೆ ಕಲ್ಲಿನ ಸಂದಿನಲ್ಲಿರುವ ಖಾಲಿ ಜಾಗ ಖನಿಜವಲ್ಲ, ಖನಿಜ ಇಲ್ಲದ ಜಾಗ. ವಯೋಮಿಂಗ್ 2008ರಲ್ಲಿ, ಉತ್ತರ ಡಕೋಟ 2009ರಲ್ಲಿ ಆ ಖಾಲಿ ಜಾಗ ಮೇಲಿನ ಭೂಮಾಲೀಕನದು ಎಂದು ಕಾನೂನಿನಲ್ಲಿಯೇ ಬರೆದವು. ಹಾಗೆ ಬರೆದ ಮೇಲೂ ಉತ್ತರ ಡಕೋಟದಲ್ಲಿ ನೂರರಲ್ಲಿ 60 ಪಾಲು ಜಾಗದ ಮಾಲೀಕರು ಒಪ್ಪಿದರೆ ಉಳಿದವರ ಜಾಗವನ್ನೂ, ತಕ್ಕ ಪರಿಹಾರದ ಮೇಲೆ, ಯೋಜನೆಗೆ ಸೇರಿಸಬಹುದು. 2019ರಲ್ಲಿ ಅದೇ ರಾಜ್ಯ ಎಣ್ಣೆ ಕಂಪನಿಗಳು ಪರಿಹಾರವಿಲ್ಲದೆ ಈ ಜಾಗವನ್ನು ಬಳಸಲು ಅನುಕೂಲವಾಗುವಂತೆ ಇನ್ನೊಂದು ಕಾನೂನು ತಂದಾಗ, ರೈತರ ಸಂಘವೊಂದು ಮೊಕದ್ದಮೆ ಹೂಡಿತು. 2022ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಮಾಲೀಕತ್ವವನ್ನು ಮೊದಲೇ ಬರೆದಿಟ್ಟಿದ್ದರಿಂದ ಆ ರೈತರಿಗೆ ನ್ಯಾಯಾಲಯದಲ್ಲಿ ನಿಲ್ಲಲು ಕಾಲಿತ್ತು. ನಮ್ಮ ರೈತನಿಗೆ ಇಂದು ಅದಿಲ್ಲ.

ಕಪ್ಪತಗುಡ್ಡದ ಮಗ್ಗುಲು, ಗದಗ

ಇಲ್ಲಿಯವರೆಗಿನ ಎಲ್ಲವನ್ನೂ ಓದಿದೆ. ಹಳ್ಳಿಗುಡಿಯಲ್ಲಿ 2011ರಲ್ಲಿ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲವೆಂದು ಮುಂಡರಗಿ ಸೀಮೆಯ ರೈತರು ಎದ್ದು ನಿಂತಾಗ ನಾವು ಹೆಣ್ಣುಮಕ್ಕಳೂ ಜೊತೆಗಿದ್ದೆವು. ಕಪ್ಪತಗುಡ್ಡಕ್ಕಾಗಿ ಆಮೇಲೆ ಮತ್ತೆ ಕೂತೆವು. ಆ ಎರಡೂ ಕಡೆ ಕಲಿತದ್ದೆಂದರೆ, ಅಹವಾಲು ಸಭೆಯಲ್ಲಿ ಎಷ್ಟು ವರ್ಷ, ಎಷ್ಟು ರೂಪಾಯಿ, ಯಾರ ರುಜು ಎಂಬ ಮೂರನ್ನು ಕೇಳದಿದ್ದರೆ ಉಳಿದದ್ದೆಲ್ಲ ಭಾಷಣವಾಗುತ್ತದೆ.

ಆದ್ದರಿಂದ ವರ್ಷದ ಲೆಕ್ಕ ಹಿಡಿಯೋಣ. ಅಮೆರಿಕದ ಕೇಂದ್ರ ನಿಯಮದಲ್ಲಿ ತುಂಬುವುದು ನಿಂತ ಮೇಲೆ ಕಂಪನಿ ಸಾಮಾನ್ಯವಾಗಿ 50 ವರ್ಷ ಆ ಜಾಗದ ಮೇಲೆ ನಿಗಾ ಇಡಬೇಕು. ಅಪಾಯವಿಲ್ಲವೆಂದು ಸಾಬೀತು ಮಾಡಿದರೆ ಮಾತ್ರ ಕಡಿಮೆ. ಉತ್ತರ ಡಕೋಟದಲ್ಲಿ 10 ವರ್ಷ ಕಳೆದ ಮೇಲೆ ಎಲ್ಲ ಸರಿಯಿದೆಯೆಂಬ ಪ್ರಮಾಣಪತ್ರ ಸಿಕ್ಕರೆ ಒಳಗಿನ ಅನಿಲವೂ ಅದರ ಹೊಣೆಯೂ ರಾಜ್ಯಕ್ಕೆ ಹೋಗುತ್ತವೆ. ಯುರೋಪಿನ 2009ರ ನಿರ್ದೇಶನದಲ್ಲಿ ಕಡಿಮೆಯೆಂದರೆ 20 ವರ್ಷ, ಮತ್ತು ಹಸ್ತಾಂತರಕ್ಕೆ ಮೊದಲು ಮುಂದಿನ 30 ವರ್ಷದ ನಿಗಾ ವೆಚ್ಚವಾದರೂ ಕಂಪನಿ ಸರಕಾರದ ಕೈಗೆ ಇಡಬೇಕು. ನನಗೆ ಯುರೋಪಿನದು ಮೆಚ್ಚುಗೆಯಾಗುತ್ತದೆ, ಏಕೆಂದರೆ ಅಲ್ಲಿ ವರ್ಷದ ಜೊತೆ ದುಡ್ಡೂ ಬರುತ್ತದೆ. ಬರೀ ವರ್ಷ ಬರೆದರೆ ಕಂಪನಿ ಹೆಸರು ಬದಲಿಸಿ, ಮಾರಿ, ಕಡೆಗೆ ದಿವಾಳಿ ಎಂದು ಹೇಳಿದ ದಿನ ಆ ವರ್ಷಗಳನ್ನು ಯಾರ ಹತ್ತಿರ ವಸೂಲು ಮಾಡುವುದು? ಮುಚ್ಚಿದ ಗಣಿಗಳ ಗುಂಡಿಗಳನ್ನು ಸಂಡೂರಿನಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೆಕಾಟುರ್‌ನದು ಮಾದರಿ ಎಂದು ಎಂಜಿನಿಯರ್ ಸಾಹೇಬರು ಹೇಳಿದರು, ಆದರೆ ಕತೆಯ ಎರಡನೆಯ ಅರ್ಧ ಹೇಳಲಿಲ್ಲ. ಅಲ್ಲಿ 2024ರಲ್ಲಿ, ಅನಿಲ ಎಲ್ಲಿಗೆ ಹೋಗುತ್ತಿದೆಯೆಂದು ನೋಡಲಿಕ್ಕೆಂದೇ ಕೊರೆದ ನಿಗಾ ಬಾವಿಯ ಲೋಹ ತುಕ್ಕು ಹಿಡಿದು, ಅದರ ಮೂಲಕವೇ ಅನಿಲ ತುಂಬಬೇಕಾದ ಪದರ ಬಿಟ್ಟು ಮೇಲಿನ ಪದರಕ್ಕೆ ಹೋದದ್ದು ಬೆಳಕಿಗೆ ಬಂತು. ಕುಡಿಯುವ ನೀರಿಗೆ ತಾಗಲಿಲ್ಲ, ಸೋರಿದ್ದು ತುಂಬಾ ಆಳದಲ್ಲಿತ್ತು. ಆದರೂ ತುಂಬುವುದನ್ನು ನಿಲ್ಲಿಸಿದರು. ಮರುವರ್ಷ ಇಲಿನಾಯ್ ರಾಜ್ಯವು ಲಕ್ಷಾಂತರ ಜನ ಕುಡಿಯುವ ಮಹೋಮೆಟ್ ಜಲಪದರದ ಕೆಳಗೆ ಇಂಗಾಲ ತುಂಬುವುದನ್ನೇ ನಿಷೇಧಿಸಿತು. ಪರವಾನಗಿ ಕೊಡುವ ಅಧಿಕಾರ ಇಲಿನಾಯ್‌ಗೆ ಇರಲಿಲ್ಲ, ಅದು ಕೇಂದ್ರದ ಬಳಿಯೇ ಇತ್ತು. ಕೊಡುವ ಅಧಿಕಾರವಿಲ್ಲದ ರಾಜ್ಯಕ್ಕೂ ಬೇಡ ಎನ್ನುವ ಅಧಿಕಾರ ಇತ್ತು ಎಂಬುದನ್ನು ವಕೀಲರು ಗುರುತು ಹಾಕಿಕೊಳ್ಳಬೇಕು.

ಹಾವೇರಿ ಡಿಸ್ಟಿಲರಿ ಎಂಜಿನಿಯರ್

ಅಕ್ಕಾವರೇ, ನೀವು ಹೇಳಿದ್ದು ನಿಜ. ಆದರೆ ಆ ಸೋರಿಕೆ ಸಿಕ್ಕಿಬಿದ್ದದ್ದು ನಿಗಾ ಇಟ್ಟಿದ್ದರಿಂದಲೇ ಎಂಬುದೂ ಅಷ್ಟೇ ನಿಜ. ನಿಯಮಗಳನ್ನು ಯಾರೂ ಕಾಲಿಡದಷ್ಟು ಬಿಗಿ ಮಾಡಿದರೆ ಏನಾಗುತ್ತದೆಂಬುದನ್ನೂ ಯೋಚಿಸಬೇಕು. ಕಲ್ಲಿದ್ದಲಿನ ವಿದ್ಯುತ್ತಿಗೆ ಬದಲಾಗಿ ಗದಗಿನ ಗಾಳಿಗಿರಣಿಗಳಿವೆ, ಬಿಸಿಲಿದೆ. ಸಿಮೆಂಟಿಗೆ ಏನಿದೆ? ಸಿಮೆಂಟ್ ಕಾರ್ಖಾನೆಯ ಇಂಗಾಲದಲ್ಲಿ ನೂರಕ್ಕೆ ಸುಮಾರು 60 ಪಾಲು ಬರುವುದು ಉರುವಲಿನಿಂದ ಅಲ್ಲ, ಸುಣ್ಣದಕಲ್ಲು ಕಾದಾಗ ಕಲ್ಲಿನೊಳಗಿಂದಲೇ. ಬಾಗಲಕೋಟೆ, ಕಲಬುರಗಿಯ ಗೂಡುಗಳಿಗೆ ಬಿಸಿಲಿನ ವಿದ್ಯುತ್ತನ್ನೇ ಕೊಟ್ಟರೂ ಆ 60 ಪಾಲು ಹೊರಗೆ ಬಂದೇ ಬರುತ್ತದೆ. ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಬೇಡ ಎಂಬುದಷ್ಟೇ ಉತ್ತರವಾಗಲಾರದು.

ಕಲ್ಲುಮಣ್ಣಿನ ಮಾಸ್ತರ, ಧಾರವಾಡ

ಎಲ್ಲಿಡುವುದು ಎಂಬುದಕ್ಕೆ ಬರುತ್ತೇನೆ. ದಖ್ಖನ್‌ನ ಕಪ್ಪುಕಲ್ಲಿನ ಬಗ್ಗೆ ಉತ್ಸಾಹ ಹುಟ್ಟಿದ್ದು ಐಸ್‌ಲ್ಯಾಂಡ್‌ನಿಂದ. ಅಲ್ಲಿಯ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಇಂಥದೇ ಕಪ್ಪುಕಲ್ಲಿಗೆ ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಸಿದರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಅನಿಲ ಕಲ್ಲಿನ ಸುಣ್ಣದೊಡನೆ ಸೇರಿ ತಾನೇ ಕಲ್ಲಾಯಿತು ಎಂಬುದು 2016ರಲ್ಲಿ ಪ್ರಕಟವಾಯಿತು. ಕಲ್ಲಾದ ಮೇಲೆ ಸೋರುವ ಭಯವಿಲ್ಲ, ನೂರು ವರ್ಷ ಕಾಯುವ ಕಷ್ಟವೂ ಇಲ್ಲ. ಇಷ್ಟು ಕೇಳಿದರೆ ನಮ್ಮ ಬೆಳಗಾವಿಯ ನೆಲ ಬಂಗಾರವೆನಿಸುತ್ತದೆ.

ಆದರೆ ಆ ವಿಧಾನದಲ್ಲಿ ಒಂದು ಟನ್ ಅನಿಲ ಕರಗಿಸಲು ಸುಮಾರು 25 ಟನ್ ನೀರು ಬೇಕು. ಹತ್ತು ಲಕ್ಷ ಟನ್ನಿಗೆ ಎರಡೂವರೆ ಕೋಟಿ ಟನ್ ನೀರು, ಅಂದರೆ 0.88 ಟಿಎಂಸಿ. ಮಹದಾಯಿ ನ್ಯಾಯಾಧಿಕರಣ 2018ರಲ್ಲಿ ಕಳಸಾ ನಾಲೆಗೆ 1.72, ಬಂಡೂರಿಗೆ 2.18 ಟಿಎಂಸಿ ಕೊಟ್ಟಿತು. ಆ ನೀರಿಗಾಗಿ ನರಗುಂದ, ನವಲಗುಂದದವರು ಎಷ್ಟು ವರ್ಷ ಕೂತರೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಇನ್ನು ಕೂಡಗಿಯ 2400 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ, ಯೂನಿಟ್ಟಿಗೆ ಕಿಲೋದ ಸಮೀಪದ ಲೆಕ್ಕದಲ್ಲಿ, ಆ ಹತ್ತು ಲಕ್ಷ ಟನ್ ಅನಿಲ ಹೊರಬರಲು ಮೂರು ವಾರ ಸಾಕು. ನೀರನ್ನು ಮರಳಿ ಎತ್ತಿ ಬಳಸಬಹುದು ಎನ್ನುತ್ತಾರೆ. ಬಳಸಲಿ. ಆದರೆ ಪರವಾನಗಿಯ ಅರ್ಜಿಯಲ್ಲಿ ಅನಿಲದ ಲೆಕ್ಕದ ಪಕ್ಕದಲ್ಲಿಯೇ ನೀರಿನ ಲೆಕ್ಕ ಇರಬೇಕೆಂದು ನಿಯಮ ಹೇಳಬೇಕು. ನೀರಿನಲ್ಲಿ ಕರಗಿಸದೆ ದಟ್ಟ ಅನಿಲವನ್ನೇ ಇಳಿಸುವುದಾದರೆ 800 ಮೀಟರ್ ಆಳ ಬೇಕು. ಮಹಾರಾಷ್ಟ್ರದ ಕೊಯ್ನಾದ ಬಳಿ ಕೊರೆದಾಗ ಕಪ್ಪುಕಲ್ಲು 930 ಮೀಟರಿನಷ್ಟಕ್ಕೆ ಮುಗಿದು ಕೆಳಗೆ ಗ್ರಾನೈಟ್ ಸಿಕ್ಕಿತು; ದಕ್ಷಿಣದ ಅಂಚಿಗೆ ಬಂದಂತೆ ಪದರ ತೆಳುವಾಗುತ್ತದೆ.

ಕೊಯ್ನಾದ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1967ರ ಡಿಸೆಂಬರ್ 11ರ ಭೂಕಂಪ ಅಣೆಕಟ್ಟೆಯ ನೀರಿನ ಒತ್ತಡ ಬಿರುಕುಗಳಿಗೆ ಇಳಿದು ಪ್ರಚೋದಿಸಿದ್ದು ಎಂಬುದನ್ನು ಜಗತ್ತೇ ಒಪ್ಪಿದೆ. ಅಮೆರಿಕದ ಓಕ್ಲಹೋಮದಲ್ಲಿ ಎಣ್ಣೆಬಾವಿಗಳ ಹೊಲಸು ನೀರನ್ನು ಆಳಕ್ಕೆ ಇಳಿಸಿದ್ದರಿಂದ 2015 ಒಂದೇ ವರ್ಷ 3ಕ್ಕಿಂತ ಮೇಲಿನ ತೀವ್ರತೆಯ ಸುಮಾರು 900 ಕಂಪನಗಳಾದವು, 2016ರಲ್ಲಿ 5.8ರದು ಬಂತು. ಆ ಬಾವಿಗಳಿಗೆ ಪರವಾನಗಿ ಕೊಟ್ಟದ್ದು ರಾಜ್ಯವೇ, ಎಣ್ಣೆಯ ವರಮಾನವೂ ರಾಜ್ಯದ್ದೇ. ಕಡಿವಾಣ ಹಾಕಲು ತಡವಾದದ್ದಕ್ಕೆ ವಕೀಲರು ಮೊದಲೇ ಹೇಳಿದ ಕಾರಣ ಸಾಕು.

ವಿದ್ಯಾಗಿರಿ ವಿದ್ಯಾರ್ಥಿನಿ

ಹಾಗಾದರೆ ಹೊಸ ಕಾನೂನು ಬರುವವರೆಗೆ ನಮ್ಮ ರಾಜ್ಯದ ಕೈಯಲ್ಲಿ ಏನೂ ಇಲ್ಲವೇ?

ಕೋರ್ಟ್ ಸರ್ಕಲ್ ವಕೀಲ, ಧಾರವಾಡ

ಇದೆ, ಮತ್ತು ಅದೂ 1974ರದೇ. ನಮ್ಮ ಜಲಮಾಲಿನ್ಯ ನಿಯಂತ್ರಣ ಕಾನೂನಿನ 24ನೆಯ ಕಲಮು ಯಾವುದೇ ಹರಿವಿಗೆ ಅಥವಾ ಬಾವಿಗೆ ಮಲಿನಕಾರಿ ವಸ್ತುವನ್ನು ತಿಳಿದೂ ಬಿಡಬಾರದು ಎನ್ನುತ್ತದೆ. ಹರಿವು ಎಂದರೆ ಏನೆಂಬುದನ್ನು ವಿವರಿಸುವ 2ನೆಯ ಕಲಮಿನಲ್ಲಿ ನೆಲದಡಿಯ ನೀರೂ ಸೇರಿದೆ. ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿದರೆ ನೀರು ಹುಳಿಯಾಗುತ್ತದೆ, ಹುಳಿ ನೀರು ಕಲ್ಲಿನಲ್ಲಿರುವ ಲೋಹಗಳನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಸಿಹಿನೀರಿನ ಪದರಕ್ಕೆ ತಾಗುವ ಸಂಭವವಿರುವ ಯಾವುದೇ ಬಾವಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇಂದೇ ಪ್ರಶ್ನಿಸಬಹುದು ಎಂಬುದು ನನ್ನ ವಾದ. ನೀರು ರಾಜ್ಯದ ವಿಷಯವಾದ್ದರಿಂದಲೇ ಆ ಕಾನೂನನ್ನು ಸಂಸತ್ತು ರಾಜ್ಯಗಳ ಠರಾವಿನ ಮೇಲೆ, 252ನೆಯ ವಿಧಿಯಡಿ ಮಾಡಬೇಕಾಯಿತು. ಅದೇ ದಾರಿ ಇಲ್ಲಿಯೂ ತೆರೆದಿದೆ: ಕೇಂದ್ರ ಕನಿಷ್ಠ ಮಟ್ಟವನ್ನು ಹಾಕಲಿ, ರಾಜ್ಯ ಅದಕ್ಕಿಂತ ಬಿಗಿ ಮಾಡಿಕೊಳ್ಳಲಿ, ಪರವಾನಗಿ ಕೊಡುವ ಕಚೇರಿ ಕೈಗಾರಿಕಾ ಇಲಾಖೆಯ ನೆರಳಿನಲ್ಲಿ ಇರದಿರಲಿ. ಅಕ್ಕಾವರು ಹೇಳಿದ ದುಡ್ಡು, ತುಂಬಿದ ಪ್ರತಿ ಟನ್ನಿನ ಮೇಲೆ ಆವತ್ತೇ ಕಟ್ಟಿಸಿಕೊಂಡು ಬೇರೆ ಖಾತೆಯಲ್ಲಿಡುವ ದುಡ್ಡಾಗಬೇಕು. ಉತ್ತರ ಡಕೋಟ ಟನ್ನಿಗೆ ಇಷ್ಟೆಂದು ವಸೂಲು ಮಾಡುತ್ತದೆ, ಆದರೆ ಅದು ಸೆಂಟುಗಳ ಲೆಕ್ಕ, ಬಹಳ ಕಡಿಮೆಯಾಯಿತು.

ಎರೆಹೊಲ, ಅಣ್ಣಿಗೇರಿ

ಸಾಹೇಬರೇ, ಒಂದು ಉಳಿಯಿತು. ನನ್ನ ಉತಾರದ (ಪಹಣಿಯ) 11ನೆಯ ಕಾಲಮಿನಲ್ಲಿ ಸೊಸೈಟಿಯ ಸಾಲವೂ ಇದೆ, ಆ ಕೊಳವೆಯ ಹಕ್ಕೂ ಇದೆ. ಕೆಳಗೆ ಅನಿಲ ತುಂಬಿದ ಹೊಲವನ್ನು ನಾಳೆ ಯಾರಾದರೂ ಕೊಳ್ಳುವಾಗ, ಬೋರ್ ಹೊಡೆಸುವಾಗ ಅವನಿಗೆ ಗೊತ್ತಾಗುವುದು ಹೇಗೆ? ಉತಾರದಲ್ಲಿ ಬರೆಯುತ್ತಾರೆಯೇ?

ಹಾವೇರಿ ಡಿಸ್ಟಿಲರಿ ಎಂಜಿನಿಯರ್

ಬರೆದರೆ ಬ್ಯಾಂಕಿನವರು ಆ ಹೊಲಕ್ಕೆ ಬೆಳೆಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ತೊಂದರೆ ಕಂಪನಿಗಲ್ಲ, ರೈತನಿಗೇ.

ಕೋರ್ಟ್ ಸರ್ಕಲ್ ವಕೀಲ, ಧಾರವಾಡ

ಬರೆಯಲೇಬೇಕು. ಅಮೆರಿಕದ ಆರನೆಯ ವರ್ಗದ ನಿಯಮದಲ್ಲಿಯೂ, ಆ ಆಸ್ತಿಯ ಅಡಿಯಲ್ಲಿ ಇಂಗಾಲ ತುಂಬಿದೆ ಎಂಬುದನ್ನು, ಯಾವ ಪದರದಲ್ಲಿ, ಎಷ್ಟು, ಯಾವ ಅವಧಿಯಲ್ಲಿ ಎಂಬ ವಿವರಗಳ ಸಮೇತ, ಆಸ್ತಿಯ ದಾಖಲೆಯಲ್ಲಿ ನಮೂದಿಸಬೇಕೆಂದಿದೆ. ಆದರೆ ಅಲ್ಲಿಯದು ಯೋಜನೆಯ ಜಾಗದ ದಾಖಲೆಗೆ ಮಾತ್ರ; ಅನಿಲ ಹರಡುವಷ್ಟು ದೂರದ ಪ್ರತಿ ಸರ್ವೆ ನಂಬರಿಗೂ ಇಲ್ಲಿ ಅದು ಬೇಕು. ಬ್ಯಾಂಕಿನ ಹೆದರಿಕೆಗೆ ಮದ್ದು ನಮೂದನ್ನು ಬಿಡುವುದಲ್ಲ. ಅದೇ 11ನೆಯ ಕಾಲಮಿನಲ್ಲಿ, ಹಾನಿಯಾದರೆ ಯಾವ ನಿಧಿಯಿಂದ ಯಾರು ಕೊಡುತ್ತಾರೆ ಎಂಬುದನ್ನೂ ಹೆಸರು ಸಮೇತ ಬರೆಸುವುದು. ಕರಡು ಬರೆಯುವವರಿಗೆ ನಾನು ಕಳಿಸುವ ಟಿಪ್ಪಣಿಯಲ್ಲಿ ಇದನ್ನು ಮೊದಲನೆಯದಾಗಿ ಇಡುತ್ತೇನೆ. ಮಾಸ್ತರರು ನೀರಿನ ಲೆಕ್ಕವನ್ನೂ ಅಕ್ಕಾವರು ನಿಗಾ ವೆಚ್ಚದ ಭಾಗವನ್ನೂ ಬರೆದು ಕೊಟ್ಟರೆ ಸೇರಿಸುತ್ತೇನೆ.